ಅಪ್‌ಡೇಟ್: ಕ್ಯಾಬಿನ್ನೋ ಸೂಟೋ, ತೀರ್ಮಾನ ಆಯಿತು

ನಾವು 6 ಜನ, ಅದರಲ್ಲೊಂದು ಪುಟ್ಟ ಮಗು, ಮಂಡಿನೋವಿನ ಅತ್ತೆ. ರಜೆಗೆ ಕ್ಯಾಬಿನ್ (ಬಾಡಿಗೆಗೆ ಸಿಗುವ ಪುಟ್ಟ ಮನೆ) ಒಳ್ಳೆಯದಾ, ಹೋಟೆಲ್ ಸೂಟಾ (ಮಲಗಲು, ಕೂರಲು ಬೇರೆ ಬೇರೆ ಜಾಗವಿರುವ ದೊಡ್ಡ ರೂಮು) ಅಂತ ಇಲ್ಲಿ ನಿಮ್ಮನ್ನು ಕೇಳಿದ್ದೆ. ಕ್ಯಾಬಿನ್‌ಗೇ ಹೋಗಿ ಬಂದೆವು.

ಮಲಗುವ ಕೋಣೆಗೆ ಬಾಗಿಲು ಇದೆಯಾ ನೋಡಿ ಅಂದಿದ್ದಿರಿ, ಅದೇ ನಮ್ಮನ್ನು ಕಾಪಾಡಿತು. ಎಷ್ಟೋ ಸೂಟ್‌ಗಳಲ್ಲಿ ಮಲಗುವ ಜಾಗಕ್ಕೂ ಕೂರುವ ಜಾಗಕ್ಕೂ ನಡುವೆ ಬಾಗಿಲೇ ಇರುವುದಿಲ್ಲ, ಅಲ್ವಾ? ಮಗು ಮಲಗಿದ ಮೇಲೆ ಬಾಗಿಲು ಮುಂದೆ ಮಾಡಿ ಜಗಲಿಯಲ್ಲಿ ಸುಮ್ನೆ ಕೂರುತ್ತಿದ್ದೆವು. ಒಂದು ರಾತ್ರಿ ಅತ್ತೆ ತಮ್ಮ ಮದುವೆಯ ಕಥೆ ಪೂರ್ತಿ ಹೇಳಿದರು. ನಾನು ಕೇಳಿದ್ದು ಅದೇ ಮೊದಲು.

ಮೆಟ್ಟಿಲ ಬಗ್ಗೆ ಮಾತ್ರ ವಿಚಾರಿಸಲಿಲ್ಲ. 11 ಮೆಟ್ಟಿಲು, ಹಿಡಿಯಲು ಕಂಬಿಯಿಲ್ಲ. ಅತ್ತೆ ಪ್ರತಿ ಸಲ ನನ್ನ ಹೆಗಲು ಹಿಡಿದೇ ಇಳಿದರು. ಪಾತ್ರೆ ಕೆಲಸವೂ ಜಾಸ್ತಿ.

ಎರಡೇ ರಾತ್ರಿಯಾದರೆ ಇನ್ನು ಲಿಫ್ಟ್ ಇರುವ ಸೂಟ್. ನಾಲ್ಕೈದು ದಿನವಾದರೆ ಮತ್ತೆ ಕ್ಯಾಬಿನ್, ಮೆಟ್ಟಿಲ ಫೋಟೋ ತರಿಸಿಕೊಂಡೇ ಬುಕ್ ಮಾಡುತ್ತೇವೆ.