ಬಿಎಸ್‌ಎ ಪ್ಯಾರಾಟ್ರೂಪರ್ ಸೈಕಲ್: ಮಡಚುವ ಜಾಗದಲ್ಲಿ ಟಕ್ ಟಕ್ ಶಬ್ದ

ಕೋವೆಂಟ್ರಿ_ಸವಾರ:
ನಮಸ್ಕಾರ. ಇಲ್ಲಿ ಇಂಗ್ಲೆಂಡಿನಲ್ಲಿ ಎರಡನೇ ಮಹಾಯುದ್ಧ ಕಾಲದಲ್ಲಿ ಪ್ಯಾರಾಚೂಟ್ ಸೈನಿಕರಿಗೆಂದು ಬ್ರಿಟನ್ನಿನ ಬಿಎಸ್‌ಎ ಕಂಪನಿ ಮಾಡಿದ ಮಡಚುವ ಸೈಕಲ್ ತೆಗೆದುಕೊಂಡೆ. ಹಿಂದಿನವರು ಹೊಸದಾಗಿ ಹಸಿರು ಪೇಂಟ್ ಮಾಡಿಸಿದ್ದಾರೆ. ಏರು ಬಂದಾಗ ಎದ್ದು ನಿಂತು ತುಳಿದರೆ ಫ್ರೇಮ್ ಮಧ್ಯದಲ್ಲಿ ಟಕ್ ಅನ್ನುತ್ತದೆ, ಸ್ವಲ್ಪ ಅಲುಗಾಡುತ್ತದೆ ಕೂಡ. ವಿಂಗ್ ನಟ್ (ಕೈಯಲ್ಲೇ ತಿರುಗಿಸುವ ರೆಕ್ಕೆಯ ನಟ್) ಎಷ್ಟು ಬಿಗಿ ಮಾಡಿದರೂ ಮತ್ತೆ ಸಡಿಲ. ಇನ್ನೊಂದು, ಪೆಡಲ್ ಒತ್ತಿದರೆ ಒಳಗೆ ಜಾರುತ್ತದೆ. ಮುರಿದಿದೆಯಾ?

ಹಳೇಚಕ್ರ:
ಪೆಡಲ್ ಮುರಿದಿಲ್ಲ, ಅದು ಇರುವುದೇ ಹಾಗೆ. ಪ್ಯಾರಾಚೂಟ್ ಕಟ್ಟಿ ಇಳಿಸುವಾಗ ಹೊರಗೆ ಚಾಚಿಕೊಂಡಿರಬಾರದು ಅಂತ ಒಳಗೆ ತಳ್ಳುವ ಹಾಗೆ ಮಾಡಿದ್ದು. ಮೊದಲು ನೆಲಕ್ಕೆ ಬಡಿಯಬೇಕಾಗಿದ್ದದ್ದು ಹ್ಯಾಂಡಲ್ ಮತ್ತು ಸೀಟು, ಚಕ್ರ ಸೊಟ್ಟಗಾದರೆ ಸೈಕಲ್ಲೇ ಹೋಯಿತಲ್ವಾ? ಆದರೂ ಹೆಚ್ಚು ಬಳಕೆಯಾಗಿದ್ದು ಆಕಾಶದಿಂದ ಇಳಿದಲ್ಲ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಬ್ರಿಟಿಷ್, ಕೆನಡಾ ಸೈನಿಕರು ಹಡಗಿನಿಂದ ಇವನ್ನು ಹೊತ್ತು ದಡಕ್ಕೆ ಇಳಿದರು.

ಈಗ ಶಬ್ದಕ್ಕೆ ಬರೋಣ. ನನ್ನ ಅನುಮಾನ ಪೇಂಟ್ ಮೇಲೆ. ಈ ಫ್ರೇಮಿನಲ್ಲಿ ಮೇಲೊಂದು ಕೆಳಗೊಂದು ಹಿಂಜ್, ಅಂದರೆ ಮಡಚುವ ಕೀಲು ಇದೆ. ಬಿಡಿಸಿದಾಗ ಎರಡೂ ಕಡೆಯ ಲೋಹ ಒಂದಕ್ಕೊಂದು ಪೂರ್ತಿ ಕೂರಬೇಕು, ಭಾರ ಹೊರುವುದು ಆ ಜೋಡಣೆ. ವಿಂಗ್ ನಟ್ ಕೆಲಸ ಸುಮ್ನೆ ಅದನ್ನು ಹಿಡಿದಿಡುವುದು. ಮಧ್ಯೆ ದಪ್ಪ ಪೇಂಟ್ ಇದ್ದರೆ ತುಳಿದ ಹಾಗೆಲ್ಲ ಅದು ನಜ್ಜಾಗುತ್ತದೆ, ನಟ್ ಸಡಿಲಾಗುತ್ತದೆ.

ಮುಂದಿನ ಬ್ರೇಕ್ ಹಿಡಿದು ಸೈಕಲ್ ಹಿಂದೆ ಮುಂದೆ ಅಲುಗಾಡಿಸಿ, ಒಂದೊಂದೇ ಹಿಂಜ್ ಮೇಲೆ ಬೆರಳಿಟ್ಟು ನೋಡಿ. ಯಾವುದು ಆಡುತ್ತಿದೆ ಗೊತ್ತಾಗುತ್ತದೆ. ಆ ಜೋಡಣೆಯ ಮುಖದಿಂದ ಮಾತ್ರ ಪೇಂಟ್ ತೆಗೆಯಿರಿ, ಅರ ಹಾಕಬೇಡಿ, ಲೋಹ ಹೋದರೆ ವಾಪಸ್ ಬರಲ್ಲ. ಸ್ವಲ್ಪ ಗ್ರೀಸ್ ಹಚ್ಚಿ ಎರಡೂ ನಟ್ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಹಿಂಜ್ ಸುತ್ತ ಬಿರುಕು ಕಂಡರೆ ಹತ್ತಲೇಬೇಡಿ.

ಕೋವೆಂಟ್ರಿ_ಸವಾರ:
ಸರ್, ಕೆಳಗಿನದರಲ್ಲಿ ಪೇಂಟ್ ದಪ್ಪಗೆ ಮೆತ್ತಿಕೊಂಡಿತ್ತು! ಬಿರುಕಿಲ್ಲ. ತೆಗೆದ ಮೇಲೆ ಶಬ್ದ ನಿಂತಿತು. ಮೇಲಿನ ಹಿಂಜ್ ಮಾತ್ರ ಇನ್ನೂ ಚೂರು ಆಡುತ್ತದೆ. ನಟ್‌ನ ಥ್ರೆಡ್ ಸವೆದ ಹಾಗಿದೆ, ಹೊಸ ಮೆಟ್ರಿಕ್ ನಟ್ ಹಾಕಲಾ?

ಹಳೇಚಕ್ರ:
ಬೇಡ. ಇದು ಹಳೇ ಇಂಗ್ಲಿಷ್ ಅಳತೆ, ಮೆಟ್ರಿಕ್ ನಟ್ ತುರುಕಿದರೆ ಬೋಲ್ಟಿನ ಥ್ರೆಡ್ಡೂ ಹೋಗುತ್ತದೆ. ಹಿಂಜ್‌ನ ಪಿನ್ ಕೂರುವ ತೂತು ಸವೆದು ಅಂಡಾಕಾರವಾಗಿದೆಯಾ ನೋಡಿ. ಆಗಿದ್ದರೆ ಲೇತ್‌ನವರ ಹತ್ತಿರ ಬುಷ್ (ತೂತಿನೊಳಗೆ ಕೂರಿಸುವ ಲೋಹದ ಬಳೆ) ಮಾಡಿಸಿ. ವೆಲ್ಡಿಂಗ್ ಮಾಡಿಸಿ ಮುಚ್ಚಿಬಿಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ, ಆಮೇಲೆ ಅದು ಮಡಚುವ ಸೈಕಲ್ಲಾಗಿ ಉಳಿಯಲ್ಲ. ತೂತಿನ ಫೋಟೋ ಹಾಕಿ, ನೋಡಿ ಹೇಳುತ್ತೇನೆ.