ಔಟ್‌ಫೀಲ್ಡ್ ಮಕ್ಕಳ ಮೊದಲ ಪಾಠ: ತರಬೇತುದಾರರನ್ನು ಕೇಳಿ

ನಿರ್ವಾಹಕರು: ಈ ವಾರ ಸಾಫ್ಟ್‌ಬಾಲ್ ಔಟ್‌ಫೀಲ್ಡ್, ಅಂದರೆ ಬ್ಯಾಟರ್‌ನಿಂದ ದೂರವಿರುವ ಮೈದಾನದ ಹೊರಭಾಗ, ಕುರಿತ ಪ್ರಶ್ನೆಗಳು ಮಾತ್ರ. ಶಾಲಾ ಮಕ್ಕಳಿಗೆ ಕಲಿಸುವ ತರಬೇತುದಾರರು ಬಿಡುವಾದಾಗ ಉತ್ತರಿಸುತ್ತಾರೆ.

ಪೋಷಕರು, ಮೈಸೂರು: ನಮಸ್ಕಾರ ಸರ್. ಮಗನಿಗೆ 11 ವರ್ಷ. ಯಾವ ಅಳತೆಯ ಗ್ಲೌಸ್ ಕೊಡಿಸಲಿ?

ತರಬೇತುದಾರರು: ನಮಸ್ಕಾರ. 11ರಿಂದ 12 ಇಂಚಿನದು ಸಾಕು. ತೊಟ್ಟ ಕೈಯೊಂದರಿಂದಲೇ ಅವನು ಅದನ್ನು ಮಡಚಿ ಮುಚ್ಚುವಂತಿರಬೇಕು. ಮುಂದೆ ಬೆಳೆಯುತ್ತಾನೆಂದು ದೊಡ್ಡವರದನ್ನು ತರಬೇಡಿ. ಬಲಗೈಯಲ್ಲಿ ಎಸೆಯುವವನಿಗೆ ಗ್ಲೌಸ್ ಎಡಗೈಗೆ.

ಪೋಷಕರು, ಕೋಲಾರ: ನನ್ನ ಮಗಳು ಎಡಚಿ. ಬಲಗೈಗೆ ತೊಡುವ ಗ್ಲೌಸ್ ಎಲ್ಲಿ ಸಿಗುತ್ತದೆ ಸರ್?

ದೈಹಿಕ ಶಿಕ್ಷಕಿ, ಹಾವೇರಿ ಜಿಲ್ಲೆ: ಸರ್, ನಮ್ಮ ತಂಡದ 12 ವರ್ಷದ ಹುಡುಗಿ ಚೆನ್ನಾಗಿ ಓಡುತ್ತಾಳೆಂದು ಸೆಂಟರ್ ಫೀಲ್ಡ್‌ನಲ್ಲಿ (ಔಟ್‌ಫೀಲ್ಡ್‌ನ ನಡುಭಾಗದಲ್ಲಿ) ನಿಲ್ಲಿಸಿದ್ದೆ. ಸೋಮವಾರ ಚೆಂಡು ತಲೆಯ ಮೇಲಿಂದ ಹೋಗುತ್ತಿತ್ತು. ಅದನ್ನೇ ನೋಡುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಹೋದವಳು ಅಂಗಾತ ಬಿದ್ದಳು. ತಲೆಯ ಹಿಂಭಾಗ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತಿಗೆ ಎದ್ದು ಆಡಿದಳು. ಈಗ ಎತ್ತರದ ಚೆಂಡು ಬಂದರೆ ಕಣ್ಣು ಮುಚ್ಚಿ ಪಕ್ಕಕ್ಕೆ ಸರಿಯುತ್ತಾಳೆ. ಎರಡು ದಿನದಿಂದ ತಲೆನೋವು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎನ್ನುತ್ತಾಳೆ. ಅವಳ ಭಯ ಬಿಡಿಸುವುದು ಹೇಗೆ?

ಸದಸ್ಯರು, ತುಮಕೂರು: ನನಗೆ ಬಂದ ಸಂದೇಶವನ್ನು ಇಲ್ಲಿ ಹಾಕುತ್ತಿದ್ದೇನೆ. ತಲೆಗೆ ಪೆಟ್ಟಾದರೆ ಬಿಸಿ ಹರಳೆಣ್ಣೆ ತಿಕ್ಕಿ, ಈರುಳ್ಳಿ ಮೂಸಿಸಿ, ಅರ್ಧ ಗಂಟೆಯಲ್ಲಿ ಗುಣ. ಎಲ್ಲರಿಗೂ ಕಳುಹಿಸಿ.

ತರಬೇತುದಾರರು: ತುಮಕೂರಿನವರೇ, ಅದನ್ನು ಈಗಲೇ ಅಳಿಸಿ. ಎಣ್ಣೆ ತಿಕ್ಕುತ್ತಾ ಕೂತು ಹೊತ್ತು ಕಳೆದರೆ ಮಗುವಿಗೆ ಅಪಾಯ.

ಮೇಡಂ, ಭಯದ ಮಾತು ಆಮೇಲೆ. ತಲೆಗೆ ಪೆಟ್ಟಾದ ಮೇಲೆ ತಲೆನೋವು ಉಳಿದಿದೆ, ಬೆಳಕು ಸಹಿಸಲಾಗುತ್ತಿಲ್ಲ ಎಂದರೆ ಮಿದುಳು ಅಲುಗಿರಬಹುದು. ಇಂದೇ ವೈದ್ಯರಿಗೆ ತೋರಿಸಿ. ಮನೆಯವರಿಗೆ ಈಗಲೇ ಫೋನ್ ಮಾಡಿ. ವಾಂತಿ, ಎಬ್ಬಿಸಿದರೂ ಏಳದಂಥ ಮಂಪರು, ತೊದಲುವ ಮಾತು, ಹೆಚ್ಚುತ್ತಿರುವ ತಲೆನೋವು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ನೇರ ದೊಡ್ಡ ಆಸ್ಪತ್ರೆಗೆ ಹೋಗಿ. ತಲೆಗೆ ಪೆಟ್ಟಾದ ಮಗುವನ್ನು ಅದೇ ದಿನ ಮತ್ತೆ ಮೈದಾನಕ್ಕೆ ಇಳಿಸಬಾರದು. ಎದ್ದು ನಿಂತಳು ಎಂಬುದು ಗುಣವಾದ ಲಕ್ಷಣವಲ್ಲ.

ಇನ್ನು ಅವಳು ಬಿದ್ದದ್ದೇಕೆ ಎಂಬುದು. ಇದರಲ್ಲಿ ಅವಳ ತಪ್ಪಿಲ್ಲ, ನಾವು ಕಲಿಸದ ತಪ್ಪು. ಚೆಂಡು ಬಲಭುಜದ ಮೇಲೆ ಹೋಗುತ್ತಿದ್ದರೆ ಬಲಗಾಲನ್ನು ಹಿಂದಕ್ಕೆ ಇಟ್ಟು, ಸೊಂಟ ತಿರುಗಿಸಿ, ಓಟದ ಪಂದ್ಯದಲ್ಲಿ ಓಡುವಂತೆ ಓಡಬೇಕು. ಭುಜದ ಮೇಲಿಂದ ಚೆಂಡನ್ನು ನೋಡಬೇಕು. ಎಡಕ್ಕಾದರೆ ಎಡಗಾಲು. ಎದೆಯನ್ನು ಬ್ಯಾಟಿನ ಕಡೆಗೇ ಇಟ್ಟುಕೊಂಡು ಹಿಂದೆ ಹೋಗುವವರಿಗೆ ವೇಗವೂ ಇರುವುದಿಲ್ಲ, ಹಿಮ್ಮಡಿ ಎಡವಿದರೆ ಕೈ ಊರಲೂ ಆಗುವುದಿಲ್ಲ. ತಂಡದ ಉಳಿದವರಿಗೆ ನಾಳೆಯಿಂದಲೇ ಹೀಗೆ ಮಾಡಿಸಿ. ಮೊದಲ ಎರಡು ದಿನ ಚೆಂಡೇ ಬೇಡ. ನೀವು ಕೈ ತೋರಿದ ಕಡೆಗೆ ಮೊದಲ ಹೆಜ್ಜೆ, ತಿರುವು, ಐದು ಹೆಜ್ಜೆ ಓಟ, ಅಷ್ಟೇ. ಆಮೇಲೆ ಟೆನಿಸ್ ಚೆಂಡನ್ನು ಕೈಯಿಂದಲೇ ಎತ್ತಿ ಹಾಕಿ. ಬ್ಯಾಟು, ಗಟ್ಟಿ ಚೆಂಡು ಕೊನೆಗೆ.

ಕ್ರಿಕೆಟ್ ಕಲಿಸುವವರು, ದಾವಣಗೆರೆ: ನಮ್ಮ ಹುಡುಗರು ಬರಿಗೈಯಲ್ಲೇ ಹಿಡಿಯುತ್ತಾರೆ. ಗ್ಲೌಸ್ ಕೊಟ್ಟು ಮಕ್ಕಳನ್ನು ಮೆತ್ತಗೆ ಮಾಡಿದ್ದೀರಿ.

ತರಬೇತುದಾರರು: ಹೆಸರಷ್ಟೇ ಸಾಫ್ಟ್. ಕ್ರಿಕೆಟ್ ಚೆಂಡು 160 ಗ್ರಾಂ ಆಸುಪಾಸು. 12 ಇಂಚು ಸುತ್ತಳತೆಯ ಸಾಫ್ಟ್‌ಬಾಲ್ 178ರಿಂದ 198 ಗ್ರಾಂ. ಮಕ್ಕಳ ಬೆರಳು ಮುರಿಸಬೇಡಿ.

ದೈಹಿಕ ಶಿಕ್ಷಕರು, ರಾಯಚೂರು: ಹೇಳುವುದು ಸುಲಭ. ನಮ್ಮಲ್ಲಿ 16 ಮಕ್ಕಳಿಗೆ 4 ಗ್ಲೌಸ್. ಪಟ್ಟಣದ ಶಾಲೆಯವರಿಗೆ ಇದು ಅರ್ಥವಾಗುವುದಿಲ್ಲ.

ಪೋಷಕರು, ಮೈಸೂರು: ಪಟ್ಟಣದಲ್ಲೂ ಗ್ಲೌಸ್ ಪುಕ್ಕಟೆ ಸಿಗುವುದಿಲ್ಲ ಸ್ವಾಮಿ. ನಾವೂ ಕೈಯಿಂದಲೇ ಖರ್ಚು ಮಾಡುತ್ತೇವೆ.

ದೈಹಿಕ ಶಿಕ್ಷಕರು, ರಾಯಚೂರು: ನಿಮ್ಮ ಒಬ್ಬ ಮಗನಿಗೆ ಖರ್ಚು ಮಾಡುತ್ತೀರಿ. ನಾನು ಸಂಬಳದಲ್ಲಿ ಇಡೀ ತಂಡಕ್ಕೆ ಮಾಡುತ್ತೇನೆ.

ತರಬೇತುದಾರರು: ರಾಯಚೂರಿನವರ ಕಷ್ಟ ನಿಜ. 4 ಗ್ಲೌಸ್ ತೊಟ್ಟವರಿಗಷ್ಟೇ ಗಟ್ಟಿ ಚೆಂಡು, ಉಳಿದ 12 ಮಂದಿಗೆ ಟೆನಿಸ್ ಚೆಂಡು. ಹತ್ತು ನಿಮಿಷಕ್ಕೊಮ್ಮೆ ಬದಲಾಯಿಸಿ.

ಪೋಷಕರು, ಶಿವಮೊಗ್ಗ: 10 ವರ್ಷದ ಮಗನಿಗೆ ಗ್ಲೌಸ್ ಅಳತೆ ಎಷ್ಟು?

ತರಬೇತುದಾರರು: ಮೇಲೆ ಬರೆದಿದೆ.

ಪೋಷಕರು, ಬೆಳಗಾವಿ: ಲೆಫ್ಟ್ ಮತ್ತು ಸೆಂಟರ್ ಫೀಲ್ಡ್‌ನ ಇಬ್ಬರೂ ಒಂದೇ ಚೆಂಡಿಗೆ ಓಡಿ ಡಿಕ್ಕಿ ಹೊಡೆದುಕೊಂಡರು.

ತರಬೇತುದಾರರು: ಹಿಡಿಯುವವರು "ನನ್ನದು" ಎಂದು ಮೂರು ಸಲ ಕೂಗಬೇಕು. ಇಬ್ಬರೂ ಕೂಗಿದರೆ ಸೆಂಟರ್ ಫೀಲ್ಡ್‌ನವರದೇ ಚೆಂಡು. ಇನ್ನೊಬ್ಬರು ನಿಲ್ಲುವುದಲ್ಲ, ಹಿಂದಕ್ಕೆ ಸುತ್ತಿ ಬಂದು ತಪ್ಪಿದ ಚೆಂಡಿಗೆ ಕಾವಲಿರಬೇಕು.

ಪೋಷಕರು, ಬಳ್ಳಾರಿ: ಮಗನನ್ನು ರೈಟ್ ಫೀಲ್ಡ್‌ಗೆ ಹಾಕಿ ಮೂಲೆಗುಂಪು ಮಾಡಿದ್ದಾರೆ.

ತರಬೇತುದಾರರು: ಅದು ಮೂಲೆಯಲ್ಲ. ಇನ್‌ಫೀಲ್ಡ್‌ನಿಂದ (ಮೈದಾನದ ಒಳಭಾಗದಿಂದ) ಫಸ್ಟ್ ಬೇಸ್‌ಗೆ, ಅಂದರೆ ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ಗುರುತಿಗೆ, ಚೆಂಡು ಎಸೆದಾಗಲೆಲ್ಲ ಅವನು ಆ ಬೇಸ್‌ನ ಹಿಂದಕ್ಕೆ ಓಡಿ ಬರಬೇಕು. ಆ ಒಂದು ಎಸೆತ ತಪ್ಪಿದಾಗ ಅವನು ಅಲ್ಲಿರದಿದ್ದರೆ ಬ್ಯಾಟರ್ ಸೆಕೆಂಡ್ ಬೇಸ್ ತಲುಪಿರುತ್ತಾಳೆ ಅಥವಾ ತಲುಪಿರುತ್ತಾನೆ. ಅವನಿಗೆ ಇದನ್ನು ಯಾರಾದರೂ ಹೇಳಿದ್ದಾರೆಯೇ, ಕೇಳಿ ನೋಡಿ.

ಪೋಷಕರು, ತುಮಕೂರು: ಮಗಳ ಎಸೆತ ಔಟ್‌ಫೀಲ್ಡ್‌ನಿಂದ ಹೋಮ್ (ಬ್ಯಾಟ್ ಬೀಸುವ ಜಾಗ) ತನಕ ಮುಟ್ಟುವುದಿಲ್ಲ.

ಕ್ರಿಕೆಟ್ ಕಲಿಸುವವರು, ದಾವಣಗೆರೆ: ಹೆಣ್ಣುಮಕ್ಕಳ ತೋಳಿಗೆ ಅಷ್ಟು ಶಕ್ತಿ ಇರುವುದಿಲ್ಲ.

ಪೋಷಕರು, ಕೋಲಾರ: ಈ ಮಾತು ಕೇಳಿಯೇ ನಮ್ಮ ಮಕ್ಕಳು ಆಟ ಬಿಡುತ್ತಾರೆ. ಹಿಂಪಡೆಯಿರಿ.

ಕ್ರಿಕೆಟ್ ಕಲಿಸುವವರು, ದಾವಣಗೆರೆ: ಇದ್ದದ್ದನ್ನು ಹೇಳಿದೆ. ಹಿಂಪಡೆಯುವುದಿಲ್ಲ.

ತರಬೇತುದಾರರು: ಹನ್ನೆರಡರ ಹುಡುಗನ ಎಸೆತವೂ ಮುಟ್ಟುವುದಿಲ್ಲ. ಮುಟ್ಟಿಸಬೇಕಾಗಿಯೂ ಇಲ್ಲ. ನಡುವೆ ಬಂದು ನಿಲ್ಲುವ ಇನ್‌ಫೀಲ್ಡ್ ಆಟಗಾರ್ತಿಯ ಎದೆಮಟ್ಟಕ್ಕೆ ಬಲವಾಗಿ ಎಸೆಯಲಿ, ಅವಳು ಹೋಮ್‌ಗೆ ದಾಟಿಸುತ್ತಾಳೆ. ದೂರ ಎಸೆದು ತೋರಿಸು ಎಂದು ದಿನಕ್ಕೆ ಐವತ್ತು ಸಲ ಎಸೆಸಿದರೆ ಬೆಳೆಯುವ ಮೂಳೆಯ ತುದಿ ನೋಯುತ್ತದೆ. ಭುಜವೋ ಮೊಣಕೈಯೋ ನೋಯುತ್ತಿದ್ದರೆ ಎಸೆತ ನಿಲ್ಲಿಸಿ, ವೈದ್ಯರಿಗೆ ತೋರಿಸಿ.

ಸದಸ್ಯರು, ತುಮಕೂರು: ಮೊಣಕೈ ನೋವಿಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿದರೆ

ತರಬೇತುದಾರರು: ಬೇಡ ಎಂದರೆ ಬೇಡ. ನಿರ್ವಾಹಕರೇ, ದಯವಿಟ್ಟು ಇವರನ್ನು ತಡೆಯಿರಿ.

ಪೋಷಕರು, ಕೋಲಾರ: ಎಡಚಿಯ ಗ್ಲೌಸ್ ಬಗ್ಗೆ ಕೇಳಿದ್ದೆ.

ಪೋಷಕರು, ಹಾಸನ: ಗ್ಲೌಸ್ ಅಳತೆ ತಿಳಿಸಿ.

ದೈಹಿಕ ಶಿಕ್ಷಕಿ, ಹಾವೇರಿ ಜಿಲ್ಲೆ: ಸರ್, ವೈದ್ಯರು ನೋಡಿದರು. ಒಂದು ವಾರ ಪೂರ್ಣ ವಿಶ್ರಾಂತಿ, ಮತ್ತೆ ಬಂದು ತೋರಿಸಬೇಕು ಎಂದಿದ್ದಾರೆ. ತನ್ನ ಜಾಗ ಬೇರೆಯವರಿಗೆ ಹೋಗುತ್ತದೆಯೇ ಎಂದು ಅಳುತ್ತಿದ್ದಾಳೆ.

ತರಬೇತುದಾರರು: ಒಳ್ಳೆಯದಾಯಿತು ಮೇಡಂ. ಇಂದು ಸಂಜೆಯೇ ಅವಳ ಮನೆಗೆ ಹೋಗಿ, ಸೆಂಟರ್ ಫೀಲ್ಡ್ ಅವಳದೇ ಎಂದು ತಾಯಿಯ ಎದುರಿಗೆ ಹೇಳಿ ಬನ್ನಿ. ವೈದ್ಯರು ಬರೆದುಕೊಡುವ ತನಕ ಗ್ಲೌಸ್ ಮುಟ್ಟಿಸಬೇಡಿ. ಅನುಮತಿ ಬಂದ ದಿನ ಟೆನಿಸ್ ಚೆಂಡಿನಿಂದ ಶುರು ಮಾಡಿ, ಮೊದಲ ಚೆಂಡನ್ನು ನೀವೇ ಹತ್ತಿರ ನಿಂತು ಹಾಕಿ.