ಕನ್ನಂಬಾಡಿ ಕಟ್ಟೆ ಬಗ್ಗೆ 10 ನಿಮಿಷ ಮಾತಾಡಬೇಕು, ಹೇಗೆ ತಯಾರಾಗಲಿ?

ಪ್ರಶ್ನೆ (ಸಿವಿಲ್ ವಿದ್ಯಾರ್ಥಿನಿ, ಮಂಡ್ಯ):
ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಕಾಲೇಜಿನಲ್ಲಿ ನನ್ನ ಸೆಮಿನಾರ್ ಇದೆ. ವಿಷಯ ಕೆಆರ್‌ಎಸ್, ಅಂದರೆ ಕನ್ನಂಬಾಡಿ ಅಣೆಕಟ್ಟೆ. ಇರುವುದು 10 ನಿಮಿಷ, ಸ್ಲೈಡ್ 28 ಆಗಿವೆ. ಯಾವುದನ್ನೂ ಬಿಡಲು ಮನಸ್ಸಾಗುತ್ತಿಲ್ಲ. ಲೆಕ್ಚರರ್‌ಗಳ ಜೊತೆ ಸುತ್ತಮುತ್ತಲಿನ ರೈತರೂ ಬರುತ್ತಾರಂತೆ. ಬರೆದುಕೊಂಡು ಓದಿದರೆ ನಡೆಯುತ್ತಾ?

ಉತ್ತರ (ನಿವೃತ್ತ ಮೇಷ್ಟ್ರು, ಪಾಂಡವಪುರ):
ಓದಬೇಡಮ್ಮ. ನೀನು ತಲೆ ತಗ್ಗಿಸಿದರೆ ಎದುರಿಗಿರುವವರು ಮೊಬೈಲ್ ತೆಗೆಯುತ್ತಾರೆ. ಹೈಸ್ಕೂಲ್ ಮಕ್ಕಳನ್ನು ಭಾಷಣಕ್ಕೆ ತಯಾರು ಮಾಡುವಾಗ ಮೊದಲ ಎರಡು ಮಾತು, ಕೊನೆಯ ಎರಡು ಮಾತು ಮಾತ್ರ ಬಾಯಿಪಾಠ ಮಾಡಿಸುತ್ತಿದ್ದೆ. ನಡುವಿನದಕ್ಕೆ ಒಂದು ಚೀಟಿ ಸಾಕು.

1911ರಲ್ಲಿ ಕೆಲಸ ಶುರುವಾಯಿತು ಅಂತ ಆರಂಭಿಸಬೇಡ. "124.80 ಅಡಿ" ಅಂದು ಒಂದು ಕ್ಷಣ ಸುಮ್ನೆ ನಿಲ್ಲು. ಕಟ್ಟೆ ಪೂರ್ತಿ ತುಂಬಿದಾಗಿನ ನೀರಿನ ಮಟ್ಟ ಅದು. ಮಂಡ್ಯದಲ್ಲಿ ಆ ಅಂಕಿ ಗೊತ್ತಿಲ್ಲದ ರೈತ ಇದ್ದಾನಾ? ಮಳೆಗಾಲದಲ್ಲಿ ಪೇಪರ್ ಬಿಚ್ಚಿದರೆ ನಾವು ಮೊದಲು ಹುಡುಕುವುದೇ ಕಟ್ಟೆಯ ನೀರಿನ ಮಟ್ಟ. ಅವರಿಗೆ ಗೊತ್ತಿರುವ ಕಡೆಯಿಂದ ಹೊರಡು, ಜೊತೆಗೆ ಬರುತ್ತಾರೆ.

ಸಾಮರ್ಥ್ಯ 49.45 ಟಿಎಂಸಿ ಅಂತ ಸ್ಲೈಡಿನಲ್ಲಿ ಹಾಕಿರುತ್ತೀಯ. ಅಷ್ಟೇ ಹೇಳಿದರೆ ಕಿವಿಗೆ ಬೀಳುತ್ತದೆ, ತಲೆಗೆ ಹೋಗಲ್ಲ. ಒಂದು ಟಿಎಂಸಿ ಅಂದರೆ 100 ಕೋಟಿ ಘನ ಅಡಿ. ಒಂದು ಎಕರೆಗೆ 43,560 ಚದರ ಅಡಿ. ಭಾಗಿಸಿ ನೋಡು, ಸುಮಾರು 23,000 ಎಕರೆ ಗದ್ದೆಯಲ್ಲಿ ಒಂದಡಿ ನೀರು ನಿಲ್ಲುತ್ತದೆ. ಇದನ್ನು ಸ್ಲೈಡಿನಲ್ಲಿ ಬೇಡ, ಬೋರ್ಡಿನ ಮೇಲೆ ಕೈಯಲ್ಲೇ ಬರೆದು ತೋರಿಸು. ಭತ್ತ ನಾಟಿ ಮಾಡಿಸುವವರಿಗೆ ಬೇರೆ ವಿವರಣೆ ಬೇಕಿಲ್ಲ. ಎರಡು ನಿಮಿಷ ಹೋದರೂ ಹೋಗಲಿ.

ಲೆಕ್ಚರರ್‌ಗಳಿಗಾಗಿ ಸುರ್ಕಿ ಗಾರೆ ಇರಲಿ. ಸಿಮೆಂಟ್ ಬದಲು ಸುಣ್ಣ, ಇಟ್ಟಿಗೆ ಪುಡಿಯ ಗಾರೆಯಲ್ಲಿ ಅಷ್ಟು ದೊಡ್ಡ ಕಟ್ಟೆ ನಿಂತಿದೆ ಅಂದರೆ ಸಿವಿಲ್‌ನವರು ಕಿವಿ ಕೊಡಲೇಬೇಕು. ಬೃಂದಾವನದ ಫೋಟೋ, ವಿಶ್ವೇಶ್ವರಯ್ಯನವರ ಬಾಲ್ಯ ಎಲ್ಲ ತೆಗೆದುಬಿಡು. ನನಗೂ ಅವರೆಂದರೆ ಬಹಳ ಗೌರವ, ಆದರೆ ಇಲ್ಲಿ ಜಾಗ ಇಲ್ಲ. ಎಂಟು ಸ್ಲೈಡ್ ಸಾಕು.

ಮನೆಯಲ್ಲಿ ನಿಂತುಕೊಂಡು, ಗಟ್ಟಿಯಾಗಿ, ಟೈಮ್ ಇಟ್ಟು ಹೇಳಿ ನೋಡು. ಮನಸ್ಸಿನಲ್ಲೇ ಓದಿಕೊಂಡರೆ ಯಾವಾಗಲೂ ಬೇಗ ಮುಗಿಯುತ್ತದೆ.

ಉತ್ತರ (ಸಾಫ್ಟ್‌ವೇರ್ ಕೆಲಸ, ಮೈಸೂರು):
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಸ್ಲೈಡ್‌ಗಳನ್ನು ಹಳೇ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದೀರಾ? ಸೆಮಿನಾರ್ ಹಾಲ್‌ನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತವೆ. ಯೂನಿಕೋಡ್‌ಗೆ ಬದಲಾಯಿಸಿ, ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲೂ ಇಟ್ಟುಕೊಳ್ಳಿ. ಹಿಂದಿನ ದಿನವೇ ಅಲ್ಲಿ ಹಾಕಿ ನೋಡಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್ ಸರ್, ಇಬ್ಬರಿಗೂ. ನುಡಿಯಲ್ಲೇ ಇದೆ, ಇವತ್ತೇ ಬದಲಾಯಿಸುತ್ತೇನೆ. ಮೇಷ್ಟ್ರೇ, ಯಾರಾದರೂ ಕಾವೇರಿ ನೀರು ಹಂಚಿಕೆ ಬಗ್ಗೆ ಕೇಳಿದರೆ ಏನು ಹೇಳಲಿ?

ನಿವೃತ್ತ ಮೇಷ್ಟ್ರು:
ಕೇಳೇ ಕೇಳುತ್ತಾರೆ. 2007ರಲ್ಲಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 192 ಟಿಎಂಸಿ ಬಿಡಿ ಅಂದಿತ್ತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 177.25ಕ್ಕೆ ಇಳಿಸಿತು. ಅಷ್ಟು ಹೇಳಿ ನಿಲ್ಲಿಸು, ವಾದಕ್ಕೆ ಇಳಿಯಬೇಡ. ಗೊತ್ತಿಲ್ಲದ್ದು ಬಂದರೆ "ನೋಡಿ ತಿಳಿಸುತ್ತೇನೆ ಸರ್" ಅನ್ನು, ಅದರಲ್ಲಿ ನಾಚಿಕೆ ಏನಿಲ್ಲ. ಇನ್ನೊಂದು, ಮುಂದಿನ ಸಾಲಿನವರು ಕೇಳಿದ್ದು ಹಿಂದಿನವರಿಗೆ ಕೇಳಿಸಿರಲ್ಲ. ಪ್ರಶ್ನೆಯನ್ನು ನೀನೇ ಒಮ್ಮೆ ಜೋರಾಗಿ ಹೇಳಿ ಆಮೇಲೆ ಉತ್ತರ ಕೊಡು.